ಪಟ್ಟಿ ಬಿಡಿ, ದೃಶ್ಯದಿಂದ ಶುರು ಮಾಡಿ

ನಮಸ್ಕಾರ,

ಜಪಾನಿನ ಸಿನಿಮಾ ಸಂಗೀತ ಸಂಯೋಜಕ ಅಕಿರಾ ಇಫುಕುಬೆ ಕುರಿತ ನಿಮ್ಮ ಲೇಖನವನ್ನು ಗಮನವಿಟ್ಟು ಓದಿದೆವು. ಈಗಿರುವ ರೂಪದಲ್ಲಿ ಪ್ರಕಟಿಸಲಾಗದು. ಆದರೆ ವಿಷಯ ಕೈಬಿಡಬೇಡಿ, ತಿದ್ದಿದರೆ ಒಳ್ಳೆಯ ಲೇಖನವಾಗುತ್ತದೆ.

ಮೊದಲ ಮೂರು ಪುಟಗಳ ತುಂಬ ಚಿತ್ರಗಳ ಹೆಸರುಗಳೇ. ‘250ಕ್ಕೂ ಹೆಚ್ಚು ಚಿತ್ರಗಳು’ ಎಂದರೆ ಮುಗಿಯಿತು. ಅವರು ಉತ್ತರ ಜಪಾನಿನ ಹೊಕ್ಕೈಡೊ ದ್ವೀಪದಲ್ಲಿ ಅರಣ್ಯಶಾಸ್ತ್ರ ಓದಿದ್ದು, ಸಂಗೀತವನ್ನು ತಾವೇ ಕಲಿತದ್ದು, 1935ರಲ್ಲಿ ರಷ್ಯನ್ ಸಂಯೋಜಕ ಚೆರೆಪ್ನಿನ್ ಹೆಸರಿನ ಸಂಗೀತ ರಚನಾ ಬಹುಮಾನ ಗೆದ್ದ ಮೇಲೂ ಅರಣ್ಯಾಧಿಕಾರಿಯಾಗಿ ದುಡಿದದ್ದು ನಿಮ್ಮಲ್ಲಿ ಅರ್ಧ ವಾಕ್ಯ. ಬಾಲ್ಯದಲ್ಲಿ ಕೇಳಿದ, ಅಲ್ಲಿನ ಮೂಲನಿವಾಸಿಗಳಾದ ಐನು ಜನರ ಹಾಡಂತೂ ಬಂದೇ ಇಲ್ಲ. ಓದುಗರಿಗೆ ಬೇಕಾದದ್ದೇ ಅದು.

1947ರ ಅವರ ಮೊದಲ ಚಿತ್ರದಿಂದ ಶುರು ಮಾಡಿ. ಹಿಮಪರ್ವತಕ್ಕೆ ಓಡಿಹೋದ ದರೋಡೆಕೋರನೊಬ್ಬ ಅಲ್ಲಿನ ಹುಡುಗಿಯ ಜೊತೆ ಸ್ಕೀ ಆಡುತ್ತಾನೆ. ನಿರ್ದೇಶಕ ತಾನಿಗುಚಿಗೆ ಅಲ್ಲಿ ಲವಲವಿಕೆಯ ಸಂಗೀತ ಬೇಕಿತ್ತು; ಇಫುಕುಬೆ ಕೊಟ್ಟದ್ದು ಇಂಗ್ಲಿಷ್ ಹಾರ್ನ್ ಎಂಬ ಊದುವಾದ್ಯದ ಒಂಟಿ, ವಿಷಾದದ ರಾಗ. ಇಬ್ಬರಿಗೂ ವಾಗ್ವಾದವಾಯಿತು. ಚಿತ್ರಕಥೆ ಬರೆದಿದ್ದ ಕುರೊಸಾವಾ ನಡುವೆ ಬಂದರು. ಕೊನೆಗೆ ಉಳಿದದ್ದು ಇಫುಕುಬೆಯ ರಾಗವೇ. ಕಣ್ಣಿಗೆ ಕಂಡದ್ದನ್ನೇ ಕಿವಿಗೂ ಹೇಳಬಾರದೆಂಬ ಅವರ ಹಟ ಇಲ್ಲಿಂದಲೇ ಸ್ಪಷ್ಟ.

ಎರಡು ತಪ್ಪು ತಿದ್ದಲೇಬೇಕು. 1954ರ ‘ಗಾಡ್ಜಿಲ್ಲಾ’ ಚಿತ್ರದ ದೈತ್ಯಜೀವಿಯ ಗರ್ಜನೆ ಪ್ರಾಣಿಗಳ ಕೂಗಿನದಲ್ಲ. ಅದನ್ನು ಪ್ರಯತ್ನಿಸಿ ಕೈಬಿಟ್ಟರು. ಡಬಲ್ ಬಾಸ್ ಎಂಬ ದೊಡ್ಡ ತಂತಿವಾದ್ಯದ ತಂತಿ ಸಡಿಲಿಸಿ, ರಾಳ ಹಚ್ಚಿದ ಚರ್ಮದ ಕೈಗವಸಿನಿಂದ ಉದ್ದಕ್ಕೂ ಉಜ್ಜಿದರು. ರಾಳದಿಂದ ಚರ್ಮ ತಂತಿಗೆ ಅಂಟಿ, ಜಾರಿ, ಮತ್ತೆ ಅಂಟುತ್ತದೆ. ಆ ನರಳಿಕೆ ಹುಟ್ಟುವುದು ಹಾಗೆ. ಧ್ವನಿಮುದ್ರಿಸಿ ವೇಗ ತಗ್ಗಿಸಿದಾಗ ಶ್ರುತಿಯೂ ಇಳಿಯಿತು. ವೇಗ ಅರ್ಧಕ್ಕಿಳಿದರೆ ಒಂದು ಪೂರ್ತಿ ಸ್ಥಾಯಿ ಕೆಳಗೆ. ಇದಕ್ಕೊಂದು ಪ್ಯಾರಾ ಕೊಡಿ.

ಎರಡನೆಯದು, ‘ಗಾಡ್ಜಿಲ್ಲಾ ಬರುವಾಗಿನ ಸಂಗೀತ’ ಎಂದು ನೀವು ಬರೆದಿರುವ ಪ್ರಸಿದ್ಧ ಧುನ್ ಆ ಮೊದಲ ಚಿತ್ರದಲ್ಲಿ ಅದನ್ನು ಎದುರಿಸುವ ಸೈನ್ಯದ್ದು. ‘ರೋಮಾಂಚಕ’ ಎಂಬ ವಿಶೇಷಣ ತೆಗೆದು ರಚನೆ ವಿವರಿಸಿ: ಸ-ನಿ-ದ ಎಂದು ಇಳಿಯುವ ಮೂರು ಸ್ವರ ಪಟ್ಟುಹಿಡಿದು ಮರಳುತ್ತವೆ, ಎಣಿಕೆ ನಾಲ್ಕು, ಆಮೇಲೆ ಐದು. ಒಂಬತ್ತರ ಎಣಿಕೆಯ ಸಂಕೀರ್ಣ ನಡೆ ಬಲ್ಲ ನಮ್ಮ ಓದುಗರಿಗೆ ಕೈಯಲ್ಲಿ ತಟ್ಟಿದರೆ ಸಾಕು, ಗೊತ್ತಾಗುತ್ತದೆ.

1976ರಲ್ಲಿ ಸಂಗೀತ ಕಾಲೇಜಿನ ಮುಖ್ಯಸ್ಥರಾದದ್ದು, 1991ರಲ್ಲಿ ಗಾಡ್ಜಿಲ್ಲಾಕ್ಕೆ ಮರಳಿದ್ದು ಒಂದೇ ಪ್ಯಾರಾದಲ್ಲಿ ಬರಲಿ. ಒಟ್ಟು 1,200 ಪದ ಮೀರದಂತೆ ತಿದ್ದಿ ಕಳಿಸಿ.