ಹೈಬ್ರಿಡ್ ಹಣ್ಣಿನ ಬೀಜ ಹಾಕಿ ಮುಟುರಿಗೆ ಔಷಧಿ ಕೇಳೋರಿಗೆ

ಅಣ್ಣಾ, ಹೋದ ಬೆಳೆಯ ಹೈಬ್ರಿಡ್ ಟೊಮೆಟೊದಿಂದಲೇ ಬೀಜ ತೆಗೆದು ನಾಟಿ ಮಾಡಿದ್ದೀನಿ, ಒಂದೇ ಸಾಲಲ್ಲಿ ಒಂದು ಗಿಡ ಮುಟುರಿ ಗಿಡ್ಡವಾಗಿದೆ, ಪಕ್ಕದ್ದು ಚೆನ್ನಾಗಿದೆ, ಏನು ಹೊಡೀಲಿ ಅಂತ ಫೋಟೋ ಹಾಕಿ ಕೇಳಿದ್ದೀರಿ. ಮುಟುರು ಅಂದ್ರೆ ಬಿಳಿ ನೊಣ ಹರಡೋ, ಎಲೆ ಸುರುಟಿಸೋ ವೈರಸ್ ರೋಗ. ಏನೂ ಹೊಡೆದು ಸರಿಯಾಗಲ್ಲ, ಇದು ಬೀಜದ ಸಮಸ್ಯೆ. ಬೀಜದ ದುಡ್ಡು ಉಳಿಸೋಕೆ ಹೋಗಿ ಇಲ್ಲಿ ಎಷ್ಟು ಜನ ಇದನ್ನೇ ಮಾಡ್ತೀರಪ್ಪ!

ಮುಟುರು ತಡೆಯೋ ಹೈಬ್ರಿಡ್‌ಗಳಲ್ಲಿ ಹೆಚ್ಚಾಗಿ ಇರೋದು ಕಾಡು ಟೊಮೆಟೊದಿಂದ ತಂದ ಟಿವೈ-1, ಟಿವೈ-2, ಟಿವೈ-3 ಜೀನ್‌ಗಳು. ಹೈಬ್ರಿಡ್ ಅಂದ್ರೆ ಎರಡು ತಳಿ ಸೇರಿಸಿ ಮಾಡಿದ್ದು, ಎಷ್ಟೋ ಹೈಬ್ರಿಡ್‌ಗಳಲ್ಲಿ ಜೀನ್ ಅದರಲ್ಲಿ ಒಂದೇ ತಳಿಯ ಕಡೆಯಿಂದ ಬಂದಿರುತ್ತೆ. ಅದರ ಬೀಜ ಹಾಕಿದ್ರೆ ನಾಲ್ಕರಲ್ಲಿ ಒಂದು ಗಿಡಕ್ಕೆ ಜೀನೇ ಸಿಗಲ್ಲ, ಅಂದ್ರೆ 1000 ಸಸಿಗೆ ಹತ್ತಿರ ಹತ್ತಿರ 250. ಉಳಿದದ್ದರಲ್ಲಿ ಎರಡಕ್ಕೆ ಜೀನಿನ ಒಂದೊಂದು ಪ್ರತಿ, ಇನ್ನೊಂದಕ್ಕೆ ಎರಡು ಪ್ರತಿ. ಎರಡೂ ತಳಿಯಲ್ಲಿ ಜೀನ್ ಇದ್ದಿದ್ರೆ ಹೀಗೆ ಒಡೆಯಲ್ಲ, ಆದ್ರೆ ಪ್ಯಾಕೆಟ್ ಮೇಲೆ ಅದನ್ನ ಬರೆದಿರಲ್ಲ. ಮುಟುರು ಬದುವಿನ ಕಡೆಯಿಂದ ಒಳಕ್ಕೆ ಬರ್ತಿದ್ರೆ ಬಿಳಿ ನೊಣದ ಹಾವಳಿ ಅನ್ನಿ. ನಿಮ್ಮ ಹಾಗೆ ಹೊಲದ ತುಂಬ ಅಲ್ಲೊಂದು ಇಲ್ಲೊಂದು ಇದ್ರೆ ಮೊದಲು ಬೀಜದ ಮೇಲೆ ಅನುಮಾನ ಪಡಿ.

ನಾಟಿಯಾಗಿ ತಿಂಗಳೊಳಗೆ ಮುಟುರಿದ ಗಿಡ ಕಿತ್ತು ಚೀಲಕ್ಕೆ ತುಂಬಿ ಹೊರಗೆ ಒಯ್ಯಿರಿ, ಬದುವಿಗೆ ಎಸೀಬೇಡಿ. ಕಾಯಿ ಕಚ್ಚಿದ ಮೇಲೆ ಮುಟುರಿದ್ದನ್ನ ಬಿಟ್ಟರೂ ನಡೆಯುತ್ತೆ.

ಜೀನ್ ಇದೆ ಅಂತ ಮೈಮರೀಬೇಡಿ. ಟಿವೈ-1 ಇದ್ದರೂ ವೈರಸ್ ಗಿಡದೊಳಗೆ ಇರುತ್ತೆ, ಕಡಿಮೆ ಇರುತ್ತೆ ಅಷ್ಟೇ. ಅದೇ ಗಿಡಕ್ಕೆ ಕುಕುಂಬರ್ ಮೊಸಾಯಿಕ್ ವೈರಸ್ಸೂ ಸೇರಿಕೊಂಡ್ರೆ ಟಿವೈ-1 ಸೋಲುತ್ತೆ. ಅದಕ್ಕೇ ಸಸಿ ಹಂತ ಬಿಗಿಯಾಗಿರಬೇಕು: ಪ್ರೋಟ್ರೇ (ಸಸಿ ಬೆಳೆಸೋ ಗುಳಿಯ ಟ್ರೇ) ಮೇಲೆ 50 ಮೆಶ್‌ನ, ಅಂದ್ರೆ ಸಣ್ಣ ಕಣ್ಣಿನ ನೈಲಾನ್ ಪರದೆ, ಅಂಚಿಗೆ ಮಣ್ಣು ಮುಚ್ಚಿ. ನೆರಳು ಪರದೆ ಬೇರೆ ಕಣ್ರೀ, ಅದರಲ್ಲಿ ಬಿಳಿ ನೊಣ ಆರಾಮಾಗಿ ನುಗ್ಗುತ್ತೆ. ನೀರು ಹಾಕೋಕೆ ಪರದೆ ಎತ್ತಿ ಗಂಟೆಗಟ್ಟಲೆ ಹಾಗೇ ಬಿಟ್ಟರೆ ಪರದೆಗೆ ಹಾಕಿದ ದುಡ್ಡು ದಂಡ. ನಾಟಿಗೆ ಒಂದು ದಿನ ಮುಂಚೆ ಇಮಿಡಾಕ್ಲೋಪ್ರಿಡ್ 17.8 ಎಸ್‌ಎಲ್ ಕೀಟನಾಶಕ ಲೀಟರ್ ನೀರಿಗೆ 0.3 ಮಿಲಿ ಬೆರೆಸಿ ಟ್ರೇಗೆ ಡ್ರೆಂಚ್ ಮಾಡಿ, ಅಂದ್ರೆ ಬುಡಕ್ಕೆ ಸುರೀರಿ. ಆಮೇಲೂ ಕಾನ್ಫಿಡಾರ್ ಒಂದನ್ನೇ ಸುರೀಬೇಡಿ, ಅದರೊಳಗೂ ಇಮಿಡಾನೇ ಇರೋದು, ನೊಣ ಅದಕ್ಕೆ ಒಗ್ಗಿಹೋಗುತ್ತೆ. ಬದಲಿಗೆ ಬೆನೆವಿಯಾ (ಬೇರೆ ಥರದ ಕೀಟನಾಶಕ, ಸಯಾಂಟ್ರಾನಿಲಿಪ್ರೋಲ್), ಲೀಟರಿಗೆ 1.8 ಮಿಲಿ. ಅಂಗಡಿಯವರು ಕೊಡೋ 'ವೈರಸ್ ಟಾನಿಕ್' ಮುಟ್ಟಲೇಬೇಡಿ.

ಬೀಜ ಉಳಿಸಲೇಬೇಕು ಅಂದ್ರೆ ಬೆಂಗಳೂರು ಕೃಷಿ ವಿವಿಯ ನಂದಿ, ಸಂಕ್ರಾಂತಿ, ವೈಭವ್ ಹುಡುಕಿ. ಮುಟುರು ತಡೆಯೋ ತಳಿಗಳು, ಹೈಬ್ರಿಡ್ ಅಲ್ಲ. ಅರ್ಕಾ ರಕ್ಷಕ್ ಒಳ್ಳೇದೇ, ಆದ್ರೆ ಅದು ಹೈಬ್ರಿಡ್, ಪ್ರತಿ ಸಲ ಹೊಸ ಬೀಜ ಬೇಕು.

ಇನ್ನೊಂದು, ಎರಡನೇ ಫೋಟೋದಲ್ಲಿ ಕುಡಿ ಕಪ್ಪಾಗಿ ಒಣಗಿದೆ, ಎಲೆ ಕಂಚಿನ ಬಣ್ಣಕ್ಕೆ ತಿರುಗಿದೆ. ಅದು ಮುಟುರಲ್ಲ, ಕುಡಿ ಒಣಗಿಸೋ ಇನ್ನೊಂದು ವೈರಸ್ ರೋಗ ಬಡ್ ನೆಕ್ರೋಸಿಸ್ ಥರ ಕಾಣುತ್ತೆ. ಅದನ್ನ ತರೋದು ಥ್ರಿಪ್ಸ್ ಅನ್ನೋ ಸಣ್ಣ ಕೀಟ, ಅಲ್ಲಿ ಟಿವೈ ಜೀನ್ ಕೆಲಸಕ್ಕೆ ಬರಲ್ಲ. ಆ ಗಿಡದ ಕಾಯಿ ಹತ್ತಿರದಿಂದ ಫೋಟೋ ತೆಗೆದು ಹಾಕಿ, ಬಳೆಯಂಥ ಮಚ್ಚೆ ಇದೆಯಾ ನೋಡೋಣ.