‘ಸುವರ್ಣ ಗಂಟೆ’ಯ ಲೆಕ್ಕ ಎಲ್ಲಿಂದ ಬಂತು?

ಪ್ರಶ್ನೆ: ರಸ್ತೆ ಅಪಘಾತದಲ್ಲಿ ಗಾಯಗೊಂಡವರಿಗೆ ಮೊದಲ ಒಂದು ಗಂಟೆಯೇ ನಿರ್ಣಾಯಕ ಎನ್ನುತ್ತಾರೆ. ಈ 60 ನಿಮಿಷಕ್ಕೆ ಸಂಶೋಧನೆಯ ಆಧಾರವಿದೆಯೇ?
— ಓದುಗರೊಬ್ಬರು, ಚಿತ್ರದುರ್ಗ

ಉತ್ತರ: ಈ ಮಾತನ್ನು ಪ್ರಚಾರಕ್ಕೆ ತಂದವರು ಅಮೆರಿಕದ ಬಾಲ್ಟಿಮೋರ್‌ನ ಶಸ್ತ್ರಚಿಕಿತ್ಸಕ ಆರ್. ಆಡಮ್ಸ್ ಕೌಲಿ. ನಮ್ಮ ಮೋಟಾರು ವಾಹನ ಕಾಯ್ದೆಯೂ 2019ರ ತಿದ್ದುಪಡಿಯಲ್ಲಿ ಇದೇ ಅವಧಿಯನ್ನು ಒಪ್ಪಿಕೊಂಡಿದೆ. ಆದರೆ 61ನೆಯ ನಿಮಿಷಕ್ಕೆ ಬಾಗಿಲು ಮುಚ್ಚುತ್ತದೆ ಎಂಬುದಕ್ಕೆ ಗಟ್ಟಿಯಾದ ಪುರಾವೆ ಇಲ್ಲ. ಉಸಿರುನಾಳ ಕಟ್ಟಿಕೊಂಡವರಿಗೆ ಐದು ನಿಮಿಷವೂ ದೀರ್ಘವೇ.

ಸಮಯದ ಬೆಲೆಯನ್ನು ಅಂಕಿಗಳಲ್ಲಿ ತೋರಿಸಿದ್ದು ‘ಕ್ರ್ಯಾಶ್-2’ ಅಧ್ಯಯನ. 40 ದೇಶಗಳ 274 ಆಸ್ಪತ್ರೆಗಳಲ್ಲಿ, ಭಾರತವೂ ಸೇರಿದಂತೆ, 20,000ಕ್ಕೂ ಹೆಚ್ಚು ಗಾಯಾಳುಗಳನ್ನು ಒಳಗೊಂಡು ನಡೆದು 2010ರಲ್ಲಿ ಪ್ರಕಟವಾದ ಈ ಪ್ರಯೋಗದಲ್ಲಿ, ರಕ್ತದ ಹೆಪ್ಪು ಕರಗದಂತೆ ತಡೆಯುವ ಟ್ರಾನೆಕ್ಸಾಮಿಕ್ ಆಮ್ಲವನ್ನು ಪಡೆದವರಲ್ಲಿ ಸಾವಿನ ಪ್ರಮಾಣ ಶೇ 14.5ರಷ್ಟೂ, ಪಡೆಯದವರಲ್ಲಿ ಶೇ 16ರಷ್ಟೂ ಇತ್ತು. ಅತಿಯಾದ ಮುಟ್ಟಿನ ಸ್ರಾವಕ್ಕೂ ವೈದ್ಯರು ಬರೆದುಕೊಡುವ ಅಗ್ಗದ ಔಷಧವಿದು. ಮರುವರ್ಷದ ವಿಶ್ಲೇಷಣೆ ಇನ್ನೂ ಕುತೂಹಲಕರ: ಮೊದಲ ಗಂಟೆಯೊಳಗೆ ಕೊಟ್ಟಾಗ ರಕ್ತಸ್ರಾವದ ಸಾವು ಶೇ 7.7ರಿಂದ 5.3ಕ್ಕೆ ಇಳಿದಿತ್ತು, ಮೂರು ಗಂಟೆ ಮೀರಿದ ಮೇಲೆ ಕೊಟ್ಟಾಗ ಅಂಥ ಸಾವು ಹೆಚ್ಚಿತ್ತು.

ಔಷಧ ವೈದ್ಯರ ಕೆಲಸ. ದಾರಿಹೋಕರು 108ಕ್ಕೆ ಕರೆಮಾಡಿ, ರಕ್ತ ಸುರಿಯುವ ಜಾಗವನ್ನು ಶುದ್ಧ ಬಟ್ಟೆಯಿಂದ ಗಟ್ಟಿಯಾಗಿ ಒತ್ತಿ ಹಿಡಿಯಬೇಕು. ಪೊಲೀಸರ ಭಯಕ್ಕೆ ಹಿಂಜರಿಯುವ ಅಗತ್ಯವಿಲ್ಲ. ಅದೇ ಕಾಯ್ದೆಯ 134ಎ ಕಲಮು ಸದುದ್ದೇಶದಿಂದ ನೆರವಾದವರಿಗೆ ರಕ್ಷಣೆ ಕೊಡುತ್ತದೆ, ಹೆಸರು ಹೇಳುವಂತೆಯೂ ಅವರನ್ನು ಒತ್ತಾಯಿಸುವಂತಿಲ್ಲ.