ಚಿಕ್ಕಮಗಳೂರಿನಿಂದ ಕೆಲಸ ಮಾಡುವಾಗ ಮಳೆಗೆ ನೆಟ್ ಹೋಗಿ ಟೆರಾಫಾರ್ಮ್ (ಕ್ಲೌಡಿನ ಸರ್ವರ್‌ಗಳನ್ನು ಕೋಡ್ ಮೂಲಕ ನಿರ್ಮಿಸುವ ಉಪಕರಣ) ಲಾಕ್ ಸಿಕ್ಕಿಕೊಂಡರೆ ಏನು ಮಾಡಬೇಕು?

ಗಾಬರಿಯಲ್ಲಿ, ಲಾಕನ್ನು ಬಲವಂತವಾಗಿ ತೆಗೆಯುವ ಫೋರ್ಸ್-ಅನ್‌ಲಾಕ್ ಕೊಡಬೇಡಿ. ದೋಷದ ಸಂದೇಶದಲ್ಲೇ ಲಾಕ್ ಐಡಿ, ಹಾಕಿದವರು, ಸಮಯ ಇರುತ್ತವೆ. ಅವರಿಗೆ ಫೋನ್ ಮಾಡಿ, ಅಪ್ಲೈ (ಬದಲಾವಣೆ ಜಾರಿ ಮಾಡುವ ಕೆಲಸ) ನಿಜವಾಗಿ ನಿಂತಿದೆ ಎಂದು ಖಚಿತವಾದ ಮೇಲೆ ಆ ಐಡಿ ಕೊಟ್ಟು ಅದೇ ಆದೇಶದಿಂದ ಲಾಕ್ ಬಿಡಿಸಿ. ಇಬ್ಬರು ಒಟ್ಟಿಗೆ ಬರೆದರೆ ಸ್ಟೇಟ್ (ಏನೇನು ನಿರ್ಮಿಸಿದೆ ಎಂಬ ಟೆರಾಫಾರ್ಮಿನ ದಾಖಲೆ) ಕೆಡುತ್ತದೆ.

ಅಪ್ಲೈ ಓಡಿಸಿದ ಫೋಲ್ಡರಿನಲ್ಲಿ ‘ಎರರ್ಡ್.ಟಿಎಫ್‌ಸ್ಟೇಟ್’ ಫೈಲ್ ಇದೆಯೇ ನೋಡಿ. ಬ್ಯಾಕೆಂಡಿಗೆ (ಸ್ಟೇಟ್ ಇಡುವ ದೂರದ ಸಂಗ್ರಹ) ತಲುಪದ ಸ್ಟೇಟ್ ಅದರಲ್ಲಿರುತ್ತದೆ, ದಯವಿಟ್ಟು ಅಳಿಸಬೇಡಿ. ಲಾಕ್ ಬಿಡಿಸಿ, ‘ಸ್ಟೇಟ್ ಪುಶ್’ ಮಾಡಿ ಆ ಫೈಲನ್ನು ಬ್ಯಾಕೆಂಡಿಗೆ ಕಳಿಸಿ, ಬಳಿಕ ಏನು ಬದಲಾಗಲಿದೆ ಎಂದು ತೋರಿಸುವ ಪ್ಲಾನ್ ಓಡಿಸಿ. ಇದನ್ನು ಬಿಟ್ಟರೆ ಆಗಲೇ ಹುಟ್ಟಿದ ಸರ್ವರ್‌ಗಳು ಟೆರಾಫಾರ್ಮಿನ ಲೆಕ್ಕಕ್ಕೆ ಸಿಗದೆ ಬಿಲ್ ಮಾತ್ರ ಓಡುತ್ತಿರುತ್ತದೆ.

ಮಲೆನಾಡಿನ ಮಳೆ ನಂಬಿ ಲ್ಯಾಪ್‌ಟಾಪಿನಿಂದ ಅಪ್ಲೈ ಮಾಡುವುದೇ ತಪ್ಪು. ಇಂಥ ಕೆಲಸವನ್ನು ತಾನೇ ಓಡಿಸುವ, ಕ್ಲೌಡಿನಲ್ಲಿರುವ ಸಿಐ ರನ್ನರ್‌ಗೆ ಒಪ್ಪಿಸಿ. ಸ್ಟೇಟ್ ಇಡುವ, ಅಮೆಜಾನಿನ ಕ್ಲೌಡ್ ಸಂಗ್ರಹವಾದ ಎಸ್3 ಬಕೆಟ್‌ಗೆ ವರ್ಷನಿಂಗ್ (ಹಳೆಯ ಪ್ರತಿಗಳನ್ನು ಉಳಿಸುವ ಸೌಲಭ್ಯ) ಹಾಕಿ. ಟೆರಾಫಾರ್ಮ್ 1.11ರಿಂದ ‘ಯೂಸ್_ಲಾಕ್‌ಫೈಲ್’ ಸೆಟ್ಟಿಂಗ್ ಸಾಕು, ಲಾಕಿಗಾಗಿ ಡೈನಮೋಡಿಬಿ (ಅಮೆಜಾನಿನ ಡೇಟಾಬೇಸ್) ಟೇಬಲ್ ಬೇಕಿಲ್ಲ.